ಮೇಣದ ಸೌಟು

ಅಂಗಿಯ ಗುಂಡಿ ಅಣ್ಣನ ಬೆರಳಿನಿಂದ ಜಾರಿತು. ಜಾರಿತು ಎಂದೇ ಥೆರಪಿಸ್ಟ್ ಮೇಡಂ ಬರೆದುಕೊಂಡರು. ಜಾರಿಸಿದ್ದೆಂದು ಅಣ್ಣನಿಗೆ ಮಾತ್ರ ಗೊತ್ತಿತ್ತು.

"ಹೋದ ವಾರ ಐದು ಗುಂಡಿ ಹಾಕಿದ್ರಿ. ಇವತ್ತೇನು, ಕೈಗೆ ರಜೆಯಾ?"

"ಹಿಡಿತ ಬರ್ತಿಲ್ಲ ತಾಯಿ."

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ತಮ್ಮ ತಲೆ ತಗ್ಗಿಸಿದ. ನಾಲ್ಕು ತಿಂಗಳಿಂದ ಆ ತಲೆ ತಗ್ಗಿಯೇ ಇತ್ತು. ಅಣ್ಣನ ಸುಟ್ಟ ಕೈಗೆ ದಿನವೂ ಎಣ್ಣೆ ಹಚ್ಚಿ ತಿಕ್ಕುವವನು, ಗಾಯದ ಕಲೆ ಉಬ್ಬದಂತೆ ಬಿಗಿ ಗವಸು ತೊಡಿಸುವವನು, ತುತ್ತು ಕಲಸಿ ಬಾಯಿಗಿಡುವವನು, ಎಲ್ಲ ಅವನೇ. ತಿಕ್ಕುವಾಗ ಅವನ ಅಂಗೈಯ ಒರಟು ಗೆರೆಯೊಂದು ತಾಗುತ್ತಿತ್ತು. ದುಡಿಯುವವನ ಕೈ ಎಂದುಕೊಂಡು ಅಣ್ಣ ಕಣ್ಣು ಮುಚ್ಚುತ್ತಿದ್ದ.

ಅಣ್ಣನ ಹೆಂಡತಿಯಂತೂ ತಮ್ಮನ ಮುಂದೆ ತಟ್ಟೆ ಕುಕ್ಕುತ್ತಿದ್ದಳು. "ಸುಟ್ಟವರೇ ಸೇವೆ ಮಾಡಲಿ ಬಿಡಿ" ಎನ್ನುತ್ತಿದ್ದಳು, ಅವನಿಗೆ ಕೇಳಲೆಂದೇ. ಆ ಮಾತು ಅಣ್ಣನನ್ನು ಗವಸಿನೊಳಗೂ ನುಗ್ಗಿ ಚುಚ್ಚುತ್ತಿತ್ತು.

ಅವರದು ಮೇಣದಬತ್ತಿ ಮಾಡುವ ಸಣ್ಣ ಕಾರ್ಖಾನೆ. ಅಪ್ಪ ಹಾಕಿಕೊಟ್ಟ ಕಟ್ಟಳೆ ಒಂದೇ: ಒಲೆ ಆರಿಸಿದವನು ಕಬ್ಬಿಣದ ಸೌಟನ್ನು ಒಲೆಯ ಮೇಲಿನ ಮೊಳೆಗೆ ತೂಗುಹಾಕಬೇಕು, ಹಚ್ಚುವವನು ಮೊದಲು ಅದನ್ನು ಇಳಿಸಬೇಕು. ಸೌಟು ಮೊಳೆಯಲ್ಲಿದ್ದರೆ ಕೆಳಗೆ ಬೆಂಕಿ ಇಲ್ಲ.

ಆವತ್ತು ತಮ್ಮ ಒಲೆ ಆರಿಸಿ, ಸೌಟು ತೂಗುಹಾಕಿ ಊಟಕ್ಕೆ ಹೋಗಿದ್ದ. ಮುಂದಿನ ವಾರ ಬೇರೆ ಅಂಗಡಿ ಇಡುವವನಿದ್ದ. ಬೆಳಿಗ್ಗೆ ಅದಕ್ಕೇ ಜಗಳವಾಗಿತ್ತು. ಆ ಸಿಟ್ಟಿನಲ್ಲಿ ಅಣ್ಣ ಸೌಟು ಮುಟ್ಟದೆಯೇ ಒಲೆ ಹಚ್ಚಿದ, ಹಚ್ಚಿ ಮರೆತ. ಮೇಣಕ್ಕೆ ಬೆಂಕಿ ಹತ್ತಿತು. ಗಾಬರಿಯಲ್ಲಿ ನೀರು ಎರಚಿದ. ಮೇಣದ ಬೆಂಕಿಗೆ ನೀರು ಹಾಕಬಾರದೆಂದು ಮೂವತ್ತು ವರ್ಷ ಎಲ್ಲರಿಗೂ ಪಾಠ ಹೇಳಿದವನು! ಉರಿ ಭುಗಿಲೆದ್ದು ಬಲಗೈಯನ್ನು ಮೊಣಕೈವರೆಗೂ ನೆಕ್ಕಿತು.

ತಮ್ಮ ಓಡಿಬಂದು ಬೆಂಕಿ ನಂದಿಸಿ, ಅಣ್ಣನನ್ನು ಹೊತ್ತು ಗಾಡಿ ಹತ್ತಿಸುವಾಗ, ಅಕ್ಕಪಕ್ಕದವರೆಲ್ಲ ನೋಡುತ್ತಿರುವಾಗ, ನಾಚಿಕೆ ಅಣ್ಣನ ಬಾಯಲ್ಲಿ ಸುಳ್ಳಾಡಿಸಿತು: "ಒಲೆ ಆರಿಸದೆ ಹೋದೆಯಲ್ಲೋ!"

ತಮ್ಮ ಕಾರ್ಖಾನೆಯ ಬಾಗಿಲತ್ತ ತಿರುಗಿ ನೋಡಿದ. "ಹೌದಣ್ಣ, ಮರೆತೆ. ನೀವು ಹೊರಡಿ, ಬೀಗ ಹಾಕಿ ಬರ್ತೀನಿ" ಎಂದ.

ಆಸ್ಪತ್ರೆಯಲ್ಲಿ ಅಣ್ಣ ಹೆದರಿದ್ದು ಕೈಗಲ್ಲ, ಆ ಸೌಟಿಗೆ. ಮೊಳೆಯಲ್ಲಿ ತೂಗುತ್ತಾ ಅದು ನಿಜ ಹೇಳಿಬಿಡುತ್ತದಲ್ಲ! ಆದರೆ ಕಾರ್ಖಾನೆ ನೋಡಿಬಂದ ಹೆಂಡತಿ, "ಸೌಟು ಒಲೆ ಪಕ್ಕದಲ್ಲೇ ಇತ್ತು. ಆರಿಸಿಯೇ ಇರಲಿಲ್ಲ ನಿಮ್ಮ ತಮ್ಮ" ಎಂದಳು. ದೇವರೇ ಇಳಿಸಿರಬೇಕು ಎಂದು ಅಣ್ಣ ಮನಸ್ಸಿನಲ್ಲೇ ಕೈಮುಗಿದ. ಮುಗಿಯಲು ಇದ್ದದ್ದು ಒಂದೇ ಕೈ.

ತಮ್ಮ ಬೇರೆ ಅಂಗಡಿಯ ಮಾತು ಮತ್ತೆ ಎತ್ತಲಿಲ್ಲ. ಕೈ ಗುಣವಾದರೆ ಎತ್ತುತ್ತಾನೆ. ಅದಕ್ಕೇ ಗುಂಡಿ ಜಾರುತ್ತಿತ್ತು.

"ಗುಂಡಿ ಬೇಡ ಬಿಡಿ. ನಿಮ್ಮ ಕೆಲಸದ ಸಾಮಾನೇ ತರೋಕೆ ಹೇಳಿದ್ದೆ" ಎಂದರು ಮೇಡಂ.

ತಮ್ಮ ಚೀಲದಿಂದ ಸೌಟು ತೆಗೆದು ಚಾಚಿದ. ಅಣ್ಣನ ಬೆರಳುಗಳು ತಾವಾಗಿಯೇ ಅದರ ಹಿಡಿಯನ್ನು ಸುತ್ತಿಕೊಂಡವು. ಮೂವತ್ತು ವರ್ಷದ ರೂಢಿಗೆ ಸುಳ್ಳು ಹೇಳಲು ಬರಲಿಲ್ಲ.

"ಕೈಗೆ ರಜೆ ಮುಗೀತು!" ಮೇಡಂ ನಗುತ್ತಾ ಡಾಕ್ಟರನ್ನು ಕರೆಯಲು ಹೋದರು.

ಅಣ್ಣ ಸೌಟನ್ನು ಮಡಿಲಲ್ಲಿಟ್ಟುಕೊಂಡ. "ಲೋ, ಒಲೆ ಹಚ್ಚಿದ್ದು ನಾನು ಕಣೋ. ನೀನು ಆರಿಸೇ ಹೋಗಿದ್ದೆ. ಈ ಸೌಟು ಮೊಳೆಯಲ್ಲೇ ಇತ್ತು. ದೇವರು ಅದನ್ನ ಇಳಿಸಿ ನನ್ನ ಮಾನ ಕಾದ, ನಿನ್ನದು ಕಳೆದ."

ತಮ್ಮ ನಾಲ್ಕು ತಿಂಗಳಲ್ಲಿ ಮೊದಲ ಸಲ ತಲೆ ಎತ್ತಿ, ಬಲ ಅಂಗೈ ಬಿಚ್ಚಿ ತೋರಿಸಿದ. ಅಡ್ಡಲಾಗಿ ಒಂದು ಸುಟ್ಟ ಗೆರೆ, ಸೌಟಿನ ಹಿಡಿಯಷ್ಟೇ ಅಗಲ.

"ನಾನು ಇಳಿಸಿದಾಗ ಇನ್ನೂ ಕಾದಿತ್ತು ಅಣ್ಣ."