ಹಿಂದಿನ ಗಾಜಿನ ಹೆಸರು

“ನಮ್ಮಪ್ಪನ ಹೆಸ್ರು ಅಳಿಸಿದ್ಯಾರು?” ಶಿವನಿ ಊರಿನ ಸಗಟು ಮಂಡಿಯ ಯಜಮಾನ ದೇವೀರಪ್ಪನವರು ಕಾಲೇಜಿನ ಜೀವಶಾಸ್ತ್ರದ ಕೊಠಡಿಯಲ್ಲಿ ನಿಂತು ಕೂಗಿದರು. ಆರಡಿ ಉದ್ದದ ಮೀನಿನ ತೊಟ್ಟಿಯನ್ನು ಹೋದ ತಿಂಗಳು ದಾನ ಕೊಟ್ಟವರು ಅವರೇ. ಕಡೂರಿನಿಂದ ಪೇಂಟರ್‌ನನ್ನು ಕರೆಸಿ, ಹಿಂದಿನ ಗಾಜಿನ ತುಂಬ ತಂದೆಯ ಹೆಸರು ಬರೆಸಿದವರೂ ಅವರೇ.

“ಯಾರೂ ಅಳಿಸಿಲ್ಲ ಯಜಮಾನ್ರೇ, ಅಲ್ಲೇ ಇದೆ,” ಎಂದರು ಲೆಕ್ಚರರ್ ಶಾರದಾಂಬಾ. “ನೀರು ರಾಡಿಯಾಗಿದೆ, ಅದಕ್ಕೇ ಕಾಣ್ತಿಲ್ಲ. ಇಷ್ಟು ದೊಡ್ಡ ತೊಟ್ಟಿಗೆ ದೊಡ್ಡ ಫಿಲ್ಟರೇ ಬೇಕು ಅಂತ ಎರಡು ಸಲ ಹೇಳಿದ್ದೆ. ಹೆಸರಿಗೆ ಅಡ್ಡ ಬರುತ್ತೆ ಅಂತ ನೀವು ಲೋಟದಷ್ಟು ಫಿಲ್ಟರ್ ತಂದಿಟ್ರಿ.” ಆ ದಿನ ಸತ್ತ ಐದನೆಯ ಮೀನು ಅವರ ಅಂಗೈಯಲ್ಲಿತ್ತು. ಅದನ್ನು ಯಜಮಾನರ ಮುಖದ ಮುಂದೆ ಹಿಡಿದರು.

ದೇವೀರಪ್ಪ ಅತ್ತ ನೋಡಲೇ ಇಲ್ಲ. ಬಗ್ಗಿ, ಶಲ್ಯದ ತುದಿಯಿಂದ ಮುಂದಿನ ಗಾಜನ್ನು ಉಜ್ಜಿದರು. “ಹಂಗಾರೆ ದೊಡ್ಡದನ್ನೇ ಹಾಕ್ಸಣ ಬಿಡಿ. ಹೆಸ್ರು ಪೂರ್ತಿ ಕಾಣುತ್ತೇನ್ರಿ?”

ಶಾರದಾಂಬಾ ಸತ್ತ ಮೀನನ್ನು ಆ ಬಿಳಿ ಶಲ್ಯದ ಮೇಲೆಯೇ ಇಟ್ಟರು. “ಇಲ್ಲ. ಅರ್ಧ ಹೆಸರು ಫಿಲ್ಟರಿನ ಮರೆಗೆ ಹೋಗುತ್ತೆ. ಇನ್ನರ್ಧಕ್ಕೆ ಅಡ್ಡವಾಗಿ ಜೀವ ಇರೋ ಮೀನು ಓಡಾಡ್ತವೆ.”