ಕುದುರೆ ಸವೆದ ಚಾಕು

ಒದ್ದೆ ಗೊರಸಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ಬಿಂಡಿಗನವಿಲೆಯ ನಮ್ಮ ಕುರಿಹಟ್ಟಿಯಲ್ಲಿ ಆ ಮಧ್ಯಾಹ್ನ ಅವ್ವ ಕುರಿಯ ಕಾಲನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಮಡಚುವ ಚಾಕುವಿನಿಂದ ಬೆಳೆದ ಗೊರಸು ಕೆತ್ತುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಕುರಿ, ಚಾಕು ಎರಡೂ ಅವಳ ಪಾಲಿಗೆ ಬಂದಿದ್ದವು. ಹಿಡಿಯ ಮೇಲೆ ಕಂಪನಿಯವರು ಗುರುತಿಗೆ ಕೊರೆದಿದ್ದ ಓಡುವ ಕುದುರೆ ಸವೆದುಹೋಗಿ, ಬೆರಳಾಡಿಸಿದರೆ ಅದರ ಒಂದು ಕಾಲಷ್ಟೇ ಸಿಗುತ್ತಿತ್ತು.

ನಾಗಮಂಗಲದ ಬಸ್ಸಿಳಿದು ಬಂದ ದೊಡ್ಡಪ್ಪನ ಕಣ್ಣು ಚಾಕುವಿನ ಮೇಲೇ ಬಿತ್ತು. “ನಮ್ಮಪ್ಪನ ಚಾಕು ಕಣಮ್ಮಿ ಅದು. ಕುದ್ರೆ ಮಾರ್ಕನ್ನೇ ಅಳ್ಸಾಕ್ಬುಟ್ಟಿದ್ದೀಯಲ್ಲ! ಎಂಗಸ್ರ ಕೈಗೆ ಕೊಟ್ರೆ ಇಂಗೇಯ. ಕೊಡು ಇತ್ತ.”

“ನಿಮ್ ಕೈಲಿದ್ದಿದ್ರೆ ಕುದ್ರೆ ಇನ್ನೂ ಫಳಫಳ ಅಂತಿತ್ತು ಬುಡಿ ಬಾವ,” ಅಂದಳು ಅವ್ವ.

ನಮ್ಮಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಜಗಳವಾಗುತ್ತದೆಂದು ನೆಲಕ್ಕಿಡುತ್ತಾರೆ, ಬೇಕಾದವರು ಎತ್ತಿಕೊಳ್ಳುತ್ತಾರೆ. ದೊಡ್ಡಪ್ಪ ನೆಲ ನೋಡುತ್ತಾ ಕಾದರು. ಅವ್ವ ಹಿಡಿಯನ್ನು ಮುಂದೆ ಮಾಡಿ ಚಾಕುವನ್ನು ನೇರ ಅವರ ಕೈಗೇ ಚಾಚಿದಳು.

“ಕೈಗೇ ತಕಳಿ ಬಾವ. ಆಗೋ ಜಗ್ಳ ಇವತ್ತೇ ಆಗೋಗ್ಲಿ.”

ದೊಡ್ಡಪ್ಪ ಕೈ ಹಿಂದಕ್ಕೆಳೆದುಕೊಂಡರು. ಅವ್ವ ಇನ್ನೂ ಸ್ವಲ್ಪ ಹೊತ್ತು ಚಾಚಿಕೊಂಡೇ ಇದ್ದಳು. ಆಮೇಲೆ ನನ್ನ ಕಡೆ ತಿರುಗಿ, “ಇನ್ನೊಂದು ಕುರಿ ಇಡ್ಕೊಂಬಾ ಮಗ,” ಅಂದಳು.