ಹೆಂಡತಿಗೆ ಅರ್ಧ ದರ

“ಸುಳ್ಳು ಜೋಡಿ. ಮುಂದಿನವರು ಬನ್ನಿ.”

ಸಾಹೇಬನ ಮಾತು ಕೇಳಿ ಜೈತುನಬಿ ಗಂಡ ಚಾಂದಸಾಬನ ಬೆನ್ನ ಹಿಂದೆ ಅಡಗಿದಳು. ಪಾಳಿಯಲ್ಲಿ ಮುಂದಿನವಳು ಆಲಮೇಲದ ಸಿದ್ದಲಿಂಗವ್ವ.

ಸಿಂದಗಿಯ ಕಾಳುಕಡಿಯ ಅಡತಿ ಅಂಗಡಿಯ ಕಟ್ಟೆಯ ಮೇಲೆ ಮೇಜು ಹಾಕಿಕೊಂಡು ಕೂತಿದ್ದ ಸಾಹೇಬ ಮುಂಬೈಯ ಹಡಗು ಕಂಪನಿಯವನು. ಮುಂಬೈಯಿಂದ ಗೋವೆಗೆ ಹೋಗಿ ಬರುವ ವಿಹಾರದ ಹಡಗಿಗೆ ಟಿಕೇಟು ಮಾರುತ್ತ ಜೀಪಿನಲ್ಲಿ ಊರೂರು ತಿರುಗುತ್ತಿದ್ದ. ನಿನ್ನೆ ಇಂಡಿ, ಇಂದು ಸಿಂದಗಿ, ನಾಳೆ ಮುದ್ದೇಬಿಹಾಳ, ನಾಡಿದ್ದು ಬಸವನ ಬಾಗೇವಾಡಿ. ಗಂಡ ಹೆಂಡತಿ ಕೂಡಿ ಹೊರಟರೆ ಹೆಂಡತಿಗೆ ಅರ್ಧ ದರ. ಇಂಡಿಯಲ್ಲಿ ಯಾರೋ ಸುಳ್ಳು ಹೇಳಿ ರಿಯಾಯಿತಿ ಹೊಡೆದುಕೊಂಡದ್ದು ತಿಳಿದ ಮೇಲೆ ಸಾಹೇಬ ತನ್ನದೇ ಒಂದು ಪರೀಕ್ಷೆ ಹೂಡಿದ್ದ. ಗಂಡ ತನ್ನ ಹೆಸರನ್ನು ಸಾಹೇಬನ ಕಿವಿಯಲ್ಲಿ ಹೇಳಬೇಕು. ಆಮೇಲೆ ಹೆಂಡತಿ ಅದೇ ಹೆಸರನ್ನು ಬಾಯಿಬಿಟ್ಟು ಹೇಳಬೇಕು.

ಸಾಹೇಬ ಗೋವೆಯ ಕಡೆಯವನು. ಹುಬ್ಬಳ್ಳಿಯಲ್ಲಿ ಬೆಳೆದಿದ್ದರಿಂದ ಕನ್ನಡ ಬರುತ್ತಿತ್ತು. ಆದರೆ ಅವನ ತಾಯಿ ತಂದೆಯನ್ನು ಹೆಸರು ಹಿಡಿದೇ ಕೂಗುತ್ತಿದ್ದಳು. ಗಂಡನ ಹೆಸರು ಹೇಳಲಾರದವಳು ಅವನ ಲೆಕ್ಕದಲ್ಲಿ ಹೆಂಡತಿಯೇ ಅಲ್ಲ.

ಸಿದ್ದಲಿಂಗವ್ವ ಗಂಡ ರಾವಸಾಬನ ಹಿಂದೆ ಮೆಟ್ಟಿಲು ಹತ್ತಿದಳು. ಮುದ್ದೇಬಿಹಾಳದಲ್ಲಿರುವ ಅಣ್ಣ ತಂದುಕೊಟ್ಟಿದ್ದ ಹಸಿರು ಸೀರೆ ಉಟ್ಟಿದ್ದಳು. ಸೆರಗನ್ನು ಮೂಗಿನ ತುದಿಯವರೆಗೆ ಎಳೆದುಕೊಂಡಿದ್ದಳು. ಭೀಮಾ ಹೊಳೆಗೆ ಎಷ್ಟೇ ನೀರು ಬಂದರೂ ಆಚೆ ದಂಡೆ ಕಾಣುತ್ತದೆ. ಆಚೆ ದಂಡೆಯೇ ಇಲ್ಲದ ನೀರನ್ನು ಒಮ್ಮೆ ನೋಡಬೇಕೆಂಬುದು ಅವಳ ಬಹುದಿನದ ಹಂಬಲ. ಚುರಮುರಿ ಕಟ್ಟಿಕೊಟ್ಟ ಹಳೇ ಪೇಪರಿನಲ್ಲಿ ಈ ರಿಯಾಯಿತಿಯ ಜಾಹೀರಾತು ಕಂಡವನು ರಾವಸಾಬ. ಎರಡು ಆಡು ಮಾರಿದರು. ಬಂದ ಹಣ ಒಂದೂವರೆ ಟಿಕೇಟಿಗೆ ಸರಿಹೋಯಿತು. ರಾವಸಾಬನಿಗೆ ಮಾತ್ರ ಒಳಗೊಳಗೇ ಹೆದರಿಕೆ. ಆಲಮೇಲದಿಂದ ಸಿಂದಗಿಗೆ ಬರುವಷ್ಟರಲ್ಲೇ ಬಸ್ಸಿನ ಕಿಟಕಿಯಿಂದ ಹೊರಗೆ ತಲೆ ಹಾಕಿ ವಾಂತಿ ಮಾಡಿಕೊಂಡಿದ್ದ.

“ಗಂಡನ ಹೆಸರೇನಮ್ಮ?”

ಸಿದ್ದಲಿಂಗವ್ವ ಗಂಟಲು ಸರಿಮಾಡಿಕೊಂಡಳು. ಹೆಸರನ್ನು ಪದ್ಯದಲ್ಲಿ ಸೇರಿಸಿ, ಒಡಪು ಕಟ್ಟಿ ಹೇಳಿದರೆ ತಪ್ಪಿಲ್ಲವಲ್ಲ.

“ಬಿಳಿ ಜ್ವಾಳದ ರೊಟ್ಟಿ, ರೊಟ್ಟಿ ಮ್ಯಾಲ ಬೆಣ್ಣಿ, ಬೆಣ್ಣಿ ಪಕ್ಕ ಶೇಂಗಾದ ಹಿಂಡಿ...”

“ಊಟದ ವಿಚಾರ ಆಮೇಲೆ. ಹೆಸರು ಹೇಳಿ.”

“ಹೆಸರು ಕಡೀಕ ಬರ್ತೈತ್ರಿ,” ಎಂದ ರಾವಸಾಬ.

“ಬರೀ ಹೆಸರು ಸಾಕು.”

ಬರೀ ಹೆಸರು ಅವಳ ನಾಲಗೆಯ ಮೇಲೆ ಬಂದು ಕೂತಿತು. ತುಟಿ ತೆರೆದಳು. ಸ್ವರ ಹೊರಡಲಿಲ್ಲ.

“ಸುಳ್ಳು ಜೋಡಿ.”

“ಮದಿವ್ಯಾದಾಗಿಂದ ನನ್ನ ತಲಿ ತಿನ್ನಾಕತ್ತಾಳ್ರಿ! ಹೆಂಡ್ತಿ ಅಲ್ಲದ ಮತ್ಯಾರು ತಿಂತಾರ?”

“ಅದಕ್ಕೆ ರಿಯಾಯಿತಿ ಇಲ್ಲ. ಮುಂದಿನವರು.”

ಕಣ್ಣೀರು ನುಂಗಿಕೊಂಡು ಸಿದ್ದಲಿಂಗವ್ವ ಕಂಬಕ್ಕೆ ಒರಗಿ ನಿಂತಳು. ಮುಂದೆ ಬಂದವರು ಗುಂಡವ್ವ, ಸಿದ್ರಾಮ. ಗುಂಡವ್ವ ಮುಂದೆ, ಗಂಟು ಹೊತ್ತ ಸಿದ್ರಾಮ ಹಿಂದೆ. ಇಬ್ಬರದೂ ಒಂದೇ ಗಿಣಿಮೂಗು. ಬಹಳ ದಿನ ಕೂಡಿ ಬಾಳಿದರೆ ಮುಖವೂ ಕೂಡಿಕೊಳ್ಳುತ್ತದೇನೋ ಎಂದುಕೊಂಡಳು ಸಿದ್ದಲಿಂಗವ್ವ. ಗುಂಡವ್ವ ತಿರುಗಿ, ಅವನ ಕೆನ್ನೆಗೆ ಹತ್ತಿದ್ದ ಧೂಳನ್ನು ಎಲ್ಲರೆದುರೇ ಸೆರಗಿನಿಂದ ಒರೆಸಿದಳು. ಎಂಥ ಪ್ರೀತಿ!

“ಗಂಡನ ಹೆಸರು?”

ಗುಂಡವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು. “ಹೆಸರು ಹೇಳೂ ಪದ್ಧತಿ ನಮ್ಮಲ್ಲಿ ಇಲ್ರಿ.”

ಸಿದ್ದಲಿಂಗವ್ವ ತಲೆದೂಗಿದಳು. ಹೆಂಡತಿಯೆಂದರೆ ಹೀಗಿರಬೇಕು.

“ಹಾಗಾದರೆ ಸುಳ್ಳು...”

“ಸಿದ್ರಾಮ!” ಗುಂಡವ್ವನ ದನಿ ಕಟ್ಟೆ ದಾಟಿ ಬೀದಿಗೆ ಬಿತ್ತು. “ಸಿದ್ರಾಮ, ಸಿದ್ರಾಮ, ಸಿದ್ರಾಮ! ಸಾಕೇನ್ರಿ, ಇನ್ನೊಮ್ಮೆ ಒದರ್ಲೇನು?”

ಅಡತಿಯವನ ಕೈಯಲ್ಲಿ ತಕ್ಕಡಿ ನಿಂತಿತು. ಚಾಂದಸಾಬ ಕಿವಿ ಮುಚ್ಚಿಕೊಂಡ. ಸಿದ್ದಲಿಂಗವ್ವ ಸಿದ್ರಾಮನ ಮುಖವನ್ನು ಹೆದರುತ್ತಲೇ ನೋಡಿದಳು. ನಾಲ್ಕು ಜನರೆದುರು ಮಾನ ಹೋದ ಗಂಡಸು ಹಲ್ಲು ಕಿಸಿಯುತ್ತಿದ್ದ!

ಸಾಹೇಬ ಎದ್ದು ನಿಂತು ಕೈ ಮುಗಿದ. “ಅಂತೂ ಒಂದು ನಿಜವಾದ ಜೋಡಿ ಸಿಕ್ಕಿತು.” ಒಂದೂವರೆ ಟಿಕೇಟಿನ ಹಣ ಎಣಿಸಿಕೊಂಡು, ಎರಡು ಟಿಕೇಟು ಕೊಟ್ಟು, ಮೇಜು ಮಡಿಚಿ ಜೀಪು ಹತ್ತಿದ.

ಧೂಳು ಇಳಿಯುವ ಮೊದಲೇ ಸಿದ್ದಲಿಂಗವ್ವ ಗುಂಡವ್ವನ ದಾರಿಗೆ ಅಡ್ಡ ನಿಂತಳು.

“ಅಲ್ಲವ್ವಾ, ಅರ್ಧಾ ಟಿಕೇಟಿನ ಸಲುವಾಗಿ ಗಂಡನ ಹೆಸರು ಬೀದಿಗೆ ಹಾಕಿದೆಲ್ಲ! ಹೇಳೂವಾಗ ನಾಲಿಗಿ ಸೇದಲಿಲ್ಲೇನ?”

ಗುಂಡವ್ವ ಜೀಪು ಹೋದ ದಾರಿಯನ್ನೊಮ್ಮೆ ನೋಡಿದಳು. ದನಿ ತಗ್ಗಿಸಿದಳು.

“ಗಂಡನ ಹೆಸರು ಸತ್ತರೂ ಹೇಳಾಕಿ ಅಲ್ಲವ್ವಾ ನಾನು. ಅವರು ಮನ್ಯಾಗ ಎಮ್ಮಿ ಕಾಯಾಕತ್ತಾರ. ಇಂವ ನನ್ನ ತಮ್ಮ. ಹೆಂಡ್ತಿ ಅಂತ ನಿಂತ ಮ್ಯಾಲ ಹೆಸರು ಹೇಳಬಾರದಂತ ಬಾಯಿ ಮುಚ್ಚಿದ್ದೆ. ಆ ಪುಣ್ಯಾತ್ಮ ಸಾಹೇಬಗ ಅದ ಬ್ಯಾಡಾಗಿತ್ತು.”

ಸಿದ್ದಲಿಂಗವ್ವ ರಾವಸಾಬನ ಮುಂದೆ ಕೈ ಚಾಚಿದಳು. “ರೊಕ್ಕದ ಗಂಟು ಕೊಡ್ರಿ.”

“ಎಲ್ಲಿಗೆ?”

“ಮುದ್ದೇಬಿಹಾಳಕ್ಕ.”

“ಸಾಹೇಬ ಗುರುತು ಹಿಡದ್ರ?”

“ಅಂವ ನೋಡಿದ್ದು ಬರೀ ಹಸರು ಸೆರಗ. ನಾಳೆ ಕೆಂಪು ಸೀರಿ ಉಡ್ತೇನಿ.”

ರಾವಸಾಬ ಗಂಟು ಕೊಟ್ಟ. ಆಮೇಲೆ ಸಂಶಯ ಬಂತು. “ಅಲ್ಲೂ ಹೆಸರು ಕೇಳ್ತಾನಲ್ಲ?”

“ಕೇಳಲಿ,” ಎಂದಳು ಸಿದ್ದಲಿಂಗವ್ವ. “ನಮ್ಮ ಅಣ್ಣನ ಹೆಸರು ಹೇಳಾಕ ನನಗ್ಯಾಕ ನಾಚಿಕಿ?”